ಕರಿನೆಲವನ್ನು ಓದಿದ ಡೊಕುಚಾಯೆವ್

ಮಣ್ಣನ್ನು ತುಳಿಯದೆ ನಡೆದವರಿಲ್ಲ. ಆದರೆ ಅದು ಏನೆಂದು ನಿಂತು ಕೇಳಿದವರು ವಿರಳ. ಕಲ್ಲು ಸವೆದು ಪುಡಿಯಾದರೆ ಮಣ್ಣು, ಅದಕ್ಕೆ ಗೊಬ್ಬರ ಬೆರೆತರೆ ಹೊಲ. ನೂರೈವತ್ತು ವರ್ಷಗಳ ಹಿಂದೆ ವಿದ್ವಾಂಸರಲ್ಲಿಯೂ ಬಹುಮಂದಿ ಇಷ್ಟರಿಂದಲೇ ತೃಪ್ತರಾಗಿದ್ದರು. ಭೂವಿಜ್ಞಾನಿಯ ಕಣ್ಣಿಗೆ ಮಣ್ಣು ಬಂಡೆಯ ಮೇಲೆ ಕುಳಿತ ಧೂಳು. ರಸಾಯನಶಾಸ್ತ್ರಜ್ಞನಿಗೆ ಅದು ಬೆಳೆಯ ಆಹಾರವನ್ನು ತುಂಬಿಟ್ಟ ಕಣಜ. ಈ ಎರಡೂ ಸಾಲದು, ಮಣ್ಣಿಗೆ ತನ್ನದೇ ಆದ ಹುಟ್ಟುಂಟು, ಬೆಳವಣಿಗೆಯುಂಟು, ವಯಸ್ಸುಂಟು, ಅದು ಗಿಡ ಮರ ಖನಿಜಗಳಂತೆಯೇ ಪ್ರಕೃತಿಯ ಒಂದು ಸ್ವತಂತ್ರ ವಸ್ತು ಎಂದು ತೋರಿಸಿಕೊಟ್ಟವನು ರಷ್ಯಾ ದೇಶದ ವಸೀಲಿ ವಸೀಲ್ಯೆವಿಚ್ ಡೊಕುಚಾಯೆವ್. ಈ ಪಾಠವನ್ನು ಆತನಿಗೆ ಕಲಿಸಿದುದು ಪುಸ್ತಕಕ್ಕಿಂತ ಹೆಚ್ಚಾಗಿ ಹಿಮ ಬೀಳುವ ಬಯಲಿನ ಹುಲ್ಲು.

ಆತ ಹುಟ್ಟಿದ್ದು 1846ನೆಯ ಇಸವಿ ಮಾರ್ಚ್ 1ರಂದು, ಸ್ಮೊಲೆನ್ಸ್ಕ್ ಪ್ರಾಂತದ ಮಿಲ್ಯುಕೊವೊ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಇಗರ್ಜಿಯ ಪಾದ್ರಿ. ಅದು ಕಾಡುಸೀಮೆ, ಅಲ್ಲಿಯ ನೆಲ ಬಡನೆಲ. ಮೇಲೆ ಗೇಣುದ್ದ ಮಣ್ಣು ತೆಗೆದರೆ ಸಾಕು, ಕೆಳಗೆ ಒಲೆಯ ಬೂದಿಯಂತೆ ಬಿಳಿಚಿಕೊಂಡ ಪದರ ಸಿಕ್ಕುತ್ತದೆ. ರೈತರು ಅದಕ್ಕೆ ಇಟ್ಟ ಹೆಸರು ಪೊಡ್ಜೋಲ್, ಎಂದರೆ ಬೂದಿಯಂತಹ ನೆಲ. ಮುಂದೆ ಈ ಹಳ್ಳಿಯ ಮಾತೇ ಡೊಕುಚಾಯೆವನ ಕೈಯಲ್ಲಿ ಶಾಸ್ತ್ರದ ಪದವಾಗಿ ಲೋಕವನ್ನೆಲ್ಲ ಸುತ್ತಿತು.

ಪಾದ್ರಿಯ ಮಗ ಪಾದ್ರಿಯಾಗಬೇಕೆಂಬುದು ಆ ಕಾಲದ ವಾಡಿಕೆ. ಹುಡುಗನು ಮೊದಲು ವ್ಯಾಜ್ಮಾ ಊರಿನ ಧಾರ್ಮಿಕ ಶಾಲೆಯಲ್ಲಿ, ಬಳಿಕ ಸ್ಮೊಲೆನ್ಸ್ಕಿನ ಸೆಮಿನರಿಯಲ್ಲಿ ಓದಿದನು. ಓದಿನಲ್ಲಿ ಮುಂದಿದ್ದುದರಿಂದ 1867ರಲ್ಲಿ ಆತನನ್ನು ಪೀಟರ್ಸ್‌ಬರ್ಗಿನ ಧರ್ಮಶಾಸ್ತ್ರದ ಉನ್ನತ ವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಆತ ಹೆಚ್ಚು ದಿನ ನಿಲ್ಲಲಿಲ್ಲ. ಊಟ ವಸತಿಗಳ ಆಸರೆಯನ್ನು ಬಿಟ್ಟುಕೊಟ್ಟು, ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ನಿಸರ್ಗವಿಜ್ಞಾನದ ವಿದ್ಯಾರ್ಥಿಯಾಗಿ ಸೇರಿಕೊಂಡನು. 1871ರಲ್ಲಿ ಪದವಿ ದೊರೆಯಿತು. ಆತನ ಮೊದಲನೆಯ ಪ್ರಬಂಧದ ವಿಷಯವಾದರೂ ಏನು? ತನ್ನ ಊರ ಬಳಿಯಲ್ಲಿ ಹರಿಯುವ ಕಚ್ನಾ ಎಂಬ ಹಳ್ಳದ ಮೆಕ್ಕಲು. ದೊಡ್ಡ ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲವೆಂಬುದನ್ನು ಆತ ಆಗಲೇ ಅರಿತಿದ್ದನೆಂದು ತೋರುತ್ತದೆ.

ಮರುವರ್ಷ ವಿಶ್ವವಿದ್ಯಾನಿಲಯದ ಭೂವಿಜ್ಞಾನದ ಸಂಗ್ರಹಾಲಯವನ್ನು ನೋಡಿಕೊಳ್ಳುವ ಸಣ್ಣ ಹುದ್ದೆ ದೊರೆಯಿತು. ಆರಂಭದಲ್ಲಿ ಆತನಿಗೆ ಮಣ್ಣಿನ ಮೇಲೆ ಅಂತಹ ಮೋಹವೇನೂ ಇರಲಿಲ್ಲ. ನದೀಕಣಿವೆಗಳು ಹೇಗಾದುವು ಎಂಬುದೇ ಆತನ ಚಿಂತೆ. 1875ರಲ್ಲಿ ಚಾಸ್ಲಾವ್ಸ್ಕಿ ಎಂಬಾತನು ಯೂರೋಪಿನ ರಷ್ಯಾಕ್ಕೆ ಮಣ್ಣಿನ ನಕ್ಷೆಯೊಂದನ್ನು ಸಿದ್ಧಮಾಡುತ್ತಿದ್ದವನು ನೆರವಿಗೆ ಈ ತರುಣನನ್ನು ಕರೆದನು. ಬೇರೆಬೇರೆ ಪ್ರಾಂತಗಳಿಂದ ಬಂದ ವರದಿಗಳನ್ನು ಓದುತ್ತ ಕುಳಿತಾಗ ಒಂದು ವಿಚಿತ್ರ ಕಂಡಿತು. ಒಬ್ಬರು ಕರಿಮಣ್ಣು ಎಂದು ಬರೆದುದು ಇನ್ನೊಬ್ಬರಿಗೆ ಬೂದುಮಣ್ಣು. ಒಂದು ಜಿಲ್ಲೆಯ ಕರಿನೆಲ ಪಕ್ಕದ ಜಿಲ್ಲೆಯ ಗಡಿಯಲ್ಲಿ ತಟಕ್ಕನೆ ನಿಂತುಹೋಗುತ್ತಿತ್ತು! ಮಣ್ಣನ್ನು ಗುರುತಿಸುವುದಕ್ಕೆ ಶಾಸ್ತ್ರವೇ ಇರಲಿಲ್ಲ. ನಕ್ಷೆ ಮುಗಿಯುವ ಮುಂಚೆಯೇ, 1878ರಲ್ಲಿ, ಚಾಸ್ಲಾವ್ಸ್ಕಿ ತೀರಿಕೊಂಡನು. ನಕ್ಷೆಗೆ ವಿವರಣೆ ಬರೆಯುವ ಹೊಣೆ ಡೊಕುಚಾಯೆವನ ಹೆಗಲಿಗೆ ಬಿತ್ತು.

ಈಗ ಆ ಕರಿನೆಲದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರಷ್ಯಾದ ಕಾಡುಗಳಿಂದ ತೆಂಕಣಕ್ಕೆ ಇಳಿದರೆ ಮರಗಳು ಕಡಮೆಯಾಗುತ್ತ ಬಂದು, ಕೊನೆಗೆ ದಿಗಂತದವರೆಗೂ ಬಯಲೇ ಬಯಲು. ಇದೇ ಸ್ಟೆಪ್ಪಿ. ಬೆಳ್ಳಿಯ ಗರಿಯಂತಹ ತೆನೆ ಬಿಡುವ ಎತ್ತರದ ಹುಲ್ಲು ಅದರ ರಾಣಿ. ಈ ಹುಲ್ಲಿನ ಕೆಳಗೆ ಇರುವ ಮಣ್ಣೇ ಚೆರ್ನೋಜೆಮ್, ಅರ್ಥಾತ್ ಕರಿಮಣ್ಣು. ಅದನ್ನು ಅಗೆದು ನೋಡಿದರೆ ಎರಡು ಅಡಿಯಿಂದ ಮೂರು ನಾಲ್ಕು ಅಡಿಯವರೆಗೂ ಕಪ್ಪೇ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಅದು ಮುದ್ದೆಯಾಗದು, ಧೂಳಾಗಿಯೂ ಉದುರದು. ಜೋಳದ ಕಾಳು, ಕಡಲೆಕಾಳುಗಳಂತೆ ಉರುಟುರುಟಾಗಿ ಬಿಡಿಬಿಡಿಯಾಗುತ್ತದೆ. ಕಾಳಿಗೂ ಕಾಳಿಗೂ ನಡುವೆ ಗಾಳಿ ಆಡುತ್ತದೆ, ಕಾಳಿನ ಒಳಗೆ ನೀರು ನಿಲ್ಲುತ್ತದೆ. ಇನ್ನೂ ಕೆಳಗೆ ಹೋದಂತೆ ಕಪ್ಪು ಮೆಲ್ಲಮೆಲ್ಲನೆ ಕಂದಾಗಿ, ಕಂದು ಹಳದಿಯಾಗಿ, ಅಲ್ಲಲ್ಲಿ ಸುಣ್ಣದ ಬಿಳಿಯ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ.

ಇಷ್ಟು ಕಪ್ಪು ಎಲ್ಲಿಂದ ಬಂತು? ಹಿಂದೆ ಇಲ್ಲಿ ಸಮುದ್ರವಿದ್ದಿತು, ಅದರ ಕೆಸರೇ ಇದು ಎಂದು ಕೆಲವರು. ಸಮುದ್ರವಲ್ಲ, ಜೌಗುನೆಲ ಒಣಗಿ ಹೀಗಾಯಿತು ಎಂದು ಮತ್ತೆ ಕೆಲವರು. ಇದು ಹುಲ್ಲಿನ ಕೆಲಸವೆಂದು 1866ರಲ್ಲಿ ಸಾರಿದವನು ರೂಪ್ರೆಖ್ಟ್ ಎಂಬ ಸಸ್ಯಶಾಸ್ತ್ರಜ್ಞ. ಆದರೆ ಹುಲ್ಲು ಎಲ್ಲೆಡೆಯೂ ಬೆಳೆಯುತ್ತದೆ. ಕರಿಮಣ್ಣು ಮಾತ್ರ ಇಲ್ಲಿಯೇ ಏಕೆ ಎಂಬ ಪ್ರಶ್ನೆ ಉಳಿದೇ ಇತ್ತು.

ರಾಜಧಾನಿಯ ಸ್ವತಂತ್ರ ಆರ್ಥಿಕ ಸಂಘವು ಈ ಪ್ರಶ್ನೆಯನ್ನು ಬಿಡಿಸಲು ಡೊಕುಚಾಯೆವನನ್ನು ನೇಮಿಸಿತು. 1877 ಮತ್ತು 1878ರ ಬೇಸಗೆಗಳಲ್ಲಿ ಆತ ಆ ಬಯಲಿನಲ್ಲಿ ಹತ್ತು ಸಾವಿರ ಕಿಲೋಮೀಟರುಗಳಷ್ಟು ಅಲೆದನು. ಊರೂರಿನಲ್ಲಿ ಗುಂಡಿ ತೋಡಿಸಿ, ಒಳಗೆ ಇಳಿದು, ಮಣ್ಣಿನ ಗೋಡೆಯನ್ನು ಮೇಲಿಂದ ಕೆಳಗೆ ಓದುವುದು, ಪದರಗಳ ದಪ್ಪ ಅಳೆಯುವುದು, ಒಂದೊಂದು ಪದರದಿಂದಲೂ ಮಣ್ಣು ತೆಗೆದು ಚೀಲ ಕಟ್ಟುವುದು, ಇದೇ ದಿನಚರಿ. ಅದುವರೆಗೆ ಮಣ್ಣನ್ನು ಪರೀಕ್ಷಿಸುವವರು ಮೇಲಿನ ಹಿಡಿಯಷ್ಟನ್ನು ಪ್ರಯೋಗಶಾಲೆಗೆ ಒಯ್ಯುತ್ತಿದ್ದರು. ಈತ ಮಣ್ಣನ್ನು ಅದರ ಮನೆಯಲ್ಲಿಯೇ, ಇಡಿಯಾಗಿ ನೋಡಿದನು.

ಗುಂಡಿಗಳಲ್ಲಿ ಸಾಕ್ಷಿಗಳು ಒಂದೊಂದಾಗಿ ದೊರೆತುವು. ಕೆಳಗಿನ ತಳಪದಾರ್ಥ ಒಂದೆಡೆ ಗಾಳಿ ತಂದ ಹಳದಿಯ ಮಣ್ಣು, ಒಂದೆಡೆ ಸುಣ್ಣಕಲ್ಲು, ಇನ್ನೊಂದೆಡೆ ಜೇಡಿ. ಮೇಲಿನ ಕರಿಮಣ್ಣು ಮಾತ್ರ ಒಂದೇ ಬಗೆ. ಆದುದರಿಂದ ಅದು ಬಂಡೆಯೊಂದರದೇ ಮಗುವಲ್ಲ. ಕಪ್ಪು ಬಣ್ಣ ಗೆರೆ ಎಳೆದಂತೆ ನಿಲ್ಲದೆ ಕ್ರಮಕ್ರಮವಾಗಿ ತಿಳಿಯಾಗುತ್ತಿತ್ತು. ಸಮುದ್ರದ ಕೆಸರಾಗಿದ್ದರೆ ಹೀಗಾಗುತ್ತಿರಲಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ದುಂಡನೆಯ ಕಲೆಗಳು: ಕಪ್ಪಿನ ನಡುವೆ ಹಳದಿ, ಹಳದಿಯ ನಡುವೆ ಕಪ್ಪು. ಬಿಲ ತೋಡುವ ಸ್ಟೆಪ್ಪಿಯ ಪ್ರಾಣಿಗಳು ಮಣ್ಣನ್ನು ಮೇಲೆ ಕೆಳಗೆ ಹೊತ್ತು ಮುಚ್ಚಿಹೋದ ದಾರಿಗಳು ಅವು. ಇಲಿಯಂತಹ ಆ ಜೀವಿಗಳು ನೀರಿನಡಿಯಲ್ಲಿ ಬಾಳುವುವಲ್ಲ. ಜೌಗಿನ ವಾದವನ್ನು ಬೀಳಿಸಿದವರಲ್ಲಿ ಈ ಬಿಲದ ಪ್ರಾಣಿಗಳೂ ಸೇರಿದ್ದುವೆಂದು ಹೇಳಿದರೆ ತಪ್ಪಲ್ಲ.

ಹಾಗಾದರೆ ಉತ್ತರವೇನು? ಸ್ಟೆಪ್ಪಿಯ ಹುಲ್ಲಿನ ಮೈಯಲ್ಲಿ ಹೆಚ್ಚು ಭಾಗ ಇರುವುದು ನೆಲದ ಮೇಲಲ್ಲ, ಕೆಳಗೆ. ಅದರ ಬೇರು ಕೂದಲಿನಂತೆ ತೆಳುವಾಗಿ, ಲೆಕ್ಕವಿಲ್ಲದಷ್ಟು ಎಳೆಗಳಾಗಿ ಆಳಕ್ಕೆ ಇಳಿದಿರುತ್ತದೆ. ವರ್ಷವರ್ಷವೂ ಇದರಲ್ಲಿ ಬಹು ಪಾಲು ಸತ್ತು ಮಣ್ಣಿನೊಳಗೇ ಕೊಳೆಯುತ್ತದೆ. ಬಿಸಿಯೂ ತೇವವೂ ಒಟ್ಟಿಗೆ ಸೇರಿದ ನಾಡಿನಲ್ಲಿ ಈ ಕೊಳೆತ ವಸ್ತು ಬೇಗನೆ ಕರಗಿ ಗಾಳಿಯಾಗಿ ಹೋಗುತ್ತಿತ್ತು. ಸ್ಟೆಪ್ಪಿಯಲ್ಲಿ ಹಾಗಲ್ಲ. ತಿಂಗಳುಗಟ್ಟಲೆ ನೆಲ ಹೆಪ್ಪುಗಟ್ಟಿರುತ್ತದೆ; ಕೊಳೆಯಿಸುವ ಸೂಕ್ಷ್ಮಜೀವಿಗಳು ಆಗ ನಿದ್ದೆಯಲ್ಲಿರುತ್ತವೆ. ವಸಂತದಲ್ಲಿ ಹಿಮ ಕರಗಿದ ನೀರು ಕುಡಿದು ಹುಲ್ಲು ಭರದಿಂದ ಏಳುತ್ತದೆ. ನಡುಬೇಸಗೆ ಕಳೆಯುವುದರೊಳಗೆ ನೆಲ ಒಣಗಿ, ಕೊಳೆಯುವ ಕೆಲಸ ಮತ್ತೆ ನಿಲ್ಲುತ್ತದೆ. ಚಳಿ ಒಂದು ಬೀಗ, ಬೇಸಗೆಯ ಒಣಹವೆ ಇನ್ನೊಂದು ಬೀಗ. ನಡುವೆ ಸಿಕ್ಕ ಕೊಳೆತ ಸಸ್ಯಾಂಶ, ಹ್ಯೂಮಸ್ ಎನ್ನುತ್ತಾರಲ್ಲ ಅದು, ಸುಣ್ಣದೊಡನೆ ಕೂಡಿ ಕಪ್ಪಾಗಿ ಸಾವಿರಾರು ವರ್ಷ ಉಳಿಯುತ್ತದೆ. ವರ್ಷಕ್ಕೆ ಬೀಳುವ ಮಳೆ ಹಿಮವೆಲ್ಲ ಸೇರಿ ಸುಮಾರು 400ರಿಂದ 600 ಮಿಲಿಮೀಟರು. ಸತ್ವವನ್ನು ತೊಳೆದುಕೊಂಡು ಹೋಗಲು ಅದು ಸಾಲದು. ತಳಪದಾರ್ಥ, ಹವೆ, ಸಸ್ಯ ಪ್ರಾಣಿಗಳು, ನೆಲದ ಏರುತಗ್ಗು, ಕಾಲ: ಈ ಐದೂ ಕೂಡಿ ಮಣ್ಣನ್ನು ಹುಟ್ಟಿಸುತ್ತವೆಂಬುದೇ ಡೊಕುಚಾಯೆವನ ಸಿದ್ಧಾಂತ.

ಇಲ್ಲಿ ವಾಚಕರಿಗೆ ನಮ್ಮ ಧಾರವಾಡ, ವಿಜಾಪುರಗಳ ಎರೆಭೂಮಿ ನೆನಪಾದರೆ ಆಶ್ಚರ್ಯವಿಲ್ಲ. ಹಿಂದಿನ ವಿದ್ವಾಂಸರೂ ಇವೆರಡನ್ನು ಅಕ್ಕತಂಗಿಯರೆಂದು ಹೋಲಿಸಿದ್ದುಂಟು. ಬಣ್ಣವೊಂದೇ, ಗುಣ ಬೇರೆ. ನಮ್ಮ ಎರೆ ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ; ಅದರ ಶಕ್ತಿಯೆಲ್ಲ ಜೇಡಿಯಲ್ಲಿದೆ. ಅದರಲ್ಲಿ ಹ್ಯೂಮಸ್ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನಷ್ಟೂ ಇರುವುದಿಲ್ಲ. ಒಳ್ಳೆಯ ಚೆರ್ನೋಜೆಮಿನಲ್ಲಿ ಅದು ಆರರಿಂದ ಹತ್ತು ಪಾಲು, ಕೆಲವೆಡೆ ಇನ್ನೂ ಹೆಚ್ಚು. ನಮ್ಮಲ್ಲಿ ಚಳಿಯ ಬೀಗವಿಲ್ಲ.

1883ರಲ್ಲಿ ಆತನ ‘ರಷ್ಯಾದ ಚೆರ್ನೋಜೆಮ್’ ಎಂಬ ಗ್ರಂಥ ಹೊರಬಿತ್ತು. ಅದನ್ನೇ ಡಾಕ್ಟರ್ ಪದವಿಗೆ ಒಪ್ಪಿಸಿದಾಗ ಪರೀಕ್ಷಕರ ಸ್ಥಾನದಲ್ಲಿ ಕುಳಿತವರಲ್ಲಿ ಮೂಲವಸ್ತುಗಳ ಪಟ್ಟಿಯಿಂದ ಪ್ರಸಿದ್ಧನಾದ ಮೆಂಡಲೀಫನೂ ಒಬ್ಬ. ಪದವಿ ಬಂತು, ವಿಜ್ಞಾನ ಅಕಾಡೆಮಿಯ ಬಹುಮಾನವೂ ಬಂತು. ಆದರೆ ಕೃಷಿವಿಜ್ಞಾನಿ ಕೊಸ್ತಿಚೆವನು ಸುಮ್ಮನೆ ಒಪ್ಪಲಿಲ್ಲ. ಹವೆಯ ಮಾತನ್ನು ಅತಿಯಾಗಿ ಆಡಲಾಗಿದೆ, ಬೇರಿನ ಮತ್ತು ಸೂಕ್ಷ್ಮಜೀವಿಗಳ ಕೆಲಸವನ್ನು ಇನ್ನೂ ಬಿಡಿಸಿ ನೋಡಬೇಕು ಎಂಬುದು ಆತನ ಆಕ್ಷೇಪ. ಇಬ್ಬರಿಗೂ ಬಹುಕಾಲ ವಾದ ನಡೆಯಿತು. ಇಂದು ನೋಡಿದರೆ ಇಬ್ಬರ ಮಾತಿನಲ್ಲಿಯೂ ತಿರುಳಿತ್ತು.

ಕೊಸ್ತಿಚೆವನು ಎತ್ತಿ ಹಿಡಿದ ಒಂದು ವಿಷಯ ಹುಲ್ಲಿಗೆ ಸಂಬಂಧಿಸಿದುದು. ಸ್ಟೆಪ್ಪಿಯ ಹಳೆಯ ಒಕ್ಕಲುತನದಲ್ಲಿ ನೇಗಿಲಿಗಿಂತ ಕುಡುಗೋಲಿಗೆ ಕೆಲಸ ಹೆಚ್ಚು. ಚಳಿಗಾಲವಿಡೀ ದನ ಕುದುರೆಗಳನ್ನು ಕೊಟ್ಟಿಗೆಯಲ್ಲಿ ಸಾಕಬೇಕು. ಅದಕ್ಕೆ ಬೇಸಗೆಯಲ್ಲಿ ಹುಲ್ಲು ಕೊಯ್ದು, ಒಣಗಿಸಿ, ಬಣವೆ ಒಟ್ಟಬೇಕು. ನಿಂತುಕೊಂಡೇ ಬೀಸುವ ಉದ್ದನೆಯ ಹಿಡಿಯ ಕುಡುಗೋಲನ್ನು ಹಿಡಿದು ಸಾಲಾಗಿ ನಡೆಯುವ ಕೊಯ್ಲುಗಾರರು ಆ ನಾಡಿನ ಬೇಸಗೆಯ ಸಾಮಾನ್ಯ ನೋಟ. ಒಂದು ತುಂಡು ನೆಲವನ್ನು ಕೆಲವು ವರ್ಷ ಉತ್ತು ಬೆಳೆ ತೆಗೆದು, ಇಳುವರಿ ಕುಗ್ಗಿದೊಡನೆ ಹದಿನೈದು ಇಪ್ಪತ್ತು ವರ್ಷ ಅದನ್ನು ಬೀಳು ಬಿಟ್ಟುಬಿಡುವರು. ಮೊದಲು ಕಳೆ ಏಳುತ್ತದೆ, ಆಮೇಲೆ ಒಳ್ಳೆಯ ಹುಲ್ಲು ಬರುತ್ತದೆ, ಕೊನೆಗೆ ಗರಿಹುಲ್ಲು ಮರಳುತ್ತದೆ. ಅಷ್ಟರಲ್ಲಿ ಧೂಳಾಗಿದ್ದ ಮಣ್ಣು ಬೇರಿನ ಹೆಣಿಗೆಯಲ್ಲಿ ಮತ್ತೆ ಕಾಳುಕಾಳಾಗುತ್ತದೆ. ಹುಲ್ಲು ಕೊಯ್ದು ಒಯ್ದರೆ ಒಂದಿಷ್ಟು ಸತ್ವ ಹೊರಗೆ ಹೋಗುವುದು ನಿಜ. ಆದರೆ ಕುಡುಗೋಲು ಒಯ್ಯುವುದು ಮೇಲಿನ ಪಾಲನ್ನು ಮಾತ್ರ. ಮಣ್ಣನ್ನು ಕಟ್ಟುವ ಬೇರಿನ ಪಾಲು ಅಲ್ಲೇ ಉಳಿಯುತ್ತದೆ. ನೇಗಿಲು ಮಾತ್ರ ಬೇರನ್ನೇ ಕಿತ್ತು ಬಿಸಿಲಿಗೆ ಹಾಕುತ್ತದೆ.

ಪುಸ್ತಕ ಬರೆದ ಮೇಲೆ ಡೊಕುಚಾಯೆವನು ಸುಮ್ಮನೆ ಕುಳಿತುಕೊಳ್ಳುವ ಜಾತಿಯವನಲ್ಲ. ನಿಜ್ನಿ ನೊವ್‌ಗೊರೊದ್ ಪ್ರಾಂತದ ಸ್ಥಳೀಯ ಮಂಡಳಿಯು ಕಂದಾಯ ಗೊತ್ತುಮಾಡಲು ಜಮೀನುಗಳ ತರಗತಿ ಕಟ್ಟಿಕೊಡಬೇಕೆಂದು ಕೇಳಿದಾಗ, 1882ರಿಂದ 1886ರವರೆಗೆ ಶಿಷ್ಯರ ದಂಡನ್ನೇ ಕಟ್ಟಿಕೊಂಡು ಹದಿನಾಲ್ಕು ಸಂಪುಟಗಳ ವರದಿಯನ್ನು ಸಿದ್ಧಪಡಿಸಿದನು. ಆಮೇಲೆ ಪೊಲ್ತಾವಾ ಪ್ರಾಂತಕ್ಕೆ ಹದಿನಾರು ಸಂಪುಟ. ಸಿಬಿರ್ತ್ಸೆವ್, ವೆರ್ನಾದ್ಸ್ಕಿ ಮೊದಲಾದ ಮುಂದಿನ ಕಾಲದ ದೊಡ್ಡ ಹೆಸರುಗಳೆಲ್ಲ ಈತನ ಗುಂಡಿಗಳಲ್ಲಿ ಇಳಿದು ಕಲಿತವೇ. 1889ರಲ್ಲಿ ಪ್ಯಾರಿಸಿನ ಮಹಾ ಪ್ರದರ್ಶನದಲ್ಲಿ ಆತನ ಮಣ್ಣಿನ ಸಂಗ್ರಹಕ್ಕೆ ಚಿನ್ನದ ಪದಕ ದೊರೆಯಿತು.

ಆದರೆ ಎರಡು ವರ್ಷ ಕಳೆಯುವುದರೊಳಗೆ ಆ ಕರಿನೆಲದ ಮೇಲೆಯೇ ಜನ ಹಸಿವಿನಿಂದ ಸತ್ತರು. 1891ರ ಬರ, ಮರುವರ್ಷದ ಕಾಲರಾ, ಇವುಗಳಿಂದ ವೋಲ್ಗಾ ತೀರದಲ್ಲಿಯೂ ಕರಿನೆಲದ ಪ್ರಾಂತಗಳಲ್ಲಿಯೂ ಲಕ್ಷಗಟ್ಟಲೆ ಜನ ಅಳಿದರು. ಲೋಕದಲ್ಲೆಲ್ಲ ಶ್ರೇಷ್ಠವಾದ ಮಣ್ಣಿನ ಒಡೆಯರು ಎಲೆ ಕಳೆ ಬೆರೆಸಿದ ರೊಟ್ಟಿ ತಿನ್ನುವ ಸ್ಥಿತಿ ಬಂತು. ಮಳೆ ಬಾರದುದೇ ಕಾರಣವೆಂದು ಎಲ್ಲರೂ ಹೇಳಿದರು. ಡೊಕುಚಾಯೆವನ ಮನಸ್ಸು ಒಪ್ಪಲಿಲ್ಲ. ಬರಗಾಲ ಹಿಂದೆಯೂ ಬಂದಿತ್ತು. ತಾಳಿಕೊಳ್ಳುವ ಶಕ್ತಿ ನೆಲಕ್ಕೆ ಈಗ ಏಕೆ ಇಲ್ಲವಾಯಿತು?

1892ರಲ್ಲಿ ಆತ ‘ನಮ್ಮ ಸ್ಟೆಪ್ಪಿಗಳು ಅಂದು ಮತ್ತು ಇಂದು’ ಎಂಬ ಪುಸ್ತಕವನ್ನು ಬರೆದು, ಅದರ ಹಣವನ್ನು ಬರಪೀಡಿತರಿಗೆ ಮೀಸಲಿಟ್ಟನು. ಅದರ ವಾದ ಸರಳ. ಹಿಂದೆ ಒಣಗಿದ ಹುಲ್ಲು ನೆಲದ ಮೇಲೆ ಕಂಬಳಿಯಂತೆ ಹರಡಿರುತ್ತಿತ್ತು. ಗಾಳಿಗೆ ತೂರಿಹೋಗುವ ಹಿಮವನ್ನು ಅದು ಹಿಡಿದು ನಿಲ್ಲಿಸುತ್ತಿತ್ತು. ವಸಂತದಲ್ಲಿ ಆ ಹಿಮ ನಿಧಾನವಾಗಿ ಕರಗಿ ನೆಲದೊಳಗೆ ಇಳಿಯುತ್ತಿತ್ತು. ಉತ್ತ ಮೇಲೆ ಕಂಬಳಿ ಹೋಯಿತು. ಹಿಮವೆಲ್ಲ ಗಾಳಿಗೆ ಕೊರಕಲುಗಳಿಗೆ ಬಿದ್ದು, ಕರಗಿದ ನೀರು ಒಂದೇ ಬಾರಿಗೆ ಹರಿದು ಹೊಳೆ ಸೇರುತ್ತದೆ. ಕಾಳುಕಾಳಾಗಿದ್ದ ಮಣ್ಣು ಪುಡಿಯಾಗಿ, ಹನಿ ಬಿದ್ದರೆ ಹೆಪ್ಪಳಿಕೆ ಕಟ್ಟುತ್ತದೆ. ನೀರು ಒಳಗೆ ಇಳಿಯದು. ಕೊರಕಲುಗಳು ಬೆಳೆಯುತ್ತವೆ, ಅಂತರ್ಜಲ ಇಳಿಯುತ್ತದೆ. ಒಳ್ಳೆಯ ತಳಿಯ ಅರಬ್ಬಿ ಕುದುರೆಯನ್ನು ಹೊಡೆದೋಡಿಸಿ ಬಳಲಿಸಿದ ಹಾಗಾಗಿದೆ ಈ ನೆಲ ಎಂಬುದು ಆತನ ಹೋಲಿಕೆ. ಕುದುರೆಗೆ ವಿಶ್ರಾಂತಿ ಕೊಟ್ಟರೆ ಅದು ಮತ್ತೆ ಓಡುತ್ತದೆಂಬ ಭರವಸೆಯೂ ಆ ಹೋಲಿಕೆಯಲ್ಲಿ ಇತ್ತು. ಮದ್ದನ್ನೂ ಆತ ಹೇಳಿದನು: ಕೊರಕಲುಗಳಿಗೆ ಅಡ್ಡಕಟ್ಟೆ, ಎತ್ತರದ ನೆಲದಲ್ಲಿ ಕೆರೆಗಳು, ಗಾಳಿಯನ್ನು ತಡೆಯಲು ಮರಗಳ ಸಾಲು, ಮತ್ತು ಒಂದು ಪ್ರದೇಶದಲ್ಲಿ ಉಳುವ ಹೊಲ ಎಷ್ಟು, ಹುಲ್ಲುಗಾವಲು ಎಷ್ಟು, ಕಾಡು ಎಷ್ಟು, ನೀರು ಎಷ್ಟು ಇರಬೇಕೆಂಬ ಲೆಕ್ಕ.

ಅರಣ್ಯ ಇಲಾಖೆಯ ಆಶ್ರಯದಲ್ಲಿ ಅದೇ ವರ್ಷ ವಿಶೇಷ ತಂಡವೊಂದು ಹೊರಟಿತು. ಮೂರು ಕಡೆ ಪ್ರಯೋಗ ನಡೆಯಿತು. ಅವುಗಳಲ್ಲಿ ಹೆಸರಾದುದು ವೊರೊನೆಜ್ ಪ್ರಾಂತದ ಕಾಮೆನ್ನಾಯ ಸ್ಟೆಪ್ಪಿ, ಎಂದರೆ ಕಲ್ಲಿನ ಬಯಲು. ಮರವೇ ಇಲ್ಲದ ಆ ಬಯಲಿನಲ್ಲಿ ಓಕ್ ಮೊದಲಾದ ಗಿಡಗಳನ್ನು ಸಾಲುಸಾಲಾಗಿ ನೆಟ್ಟರು, ಕೆರೆಗಳನ್ನು ಕಟ್ಟಿದರು, ಹಿಮದ ದಪ್ಪವನ್ನೂ ಬಾವಿಯ ನೀರನ್ನೂ ಅಳೆದರು. ಫಲ ಕಾಣುವುದಕ್ಕೆ ಹತ್ತಾರು ವರ್ಷ ಬೇಕೆಂದು ಆತನಿಗೆ ಗೊತ್ತಿತ್ತು. ಸರಕಾರಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ತಂಡದ ಕೆಲಸ ನಿಂತಿತು.

ಅದೇ ಕಾಲದಲ್ಲಿ, 1892ರಿಂದ 1895ರವರೆಗೆ, ಇಂದು ಪೋಲೆಂಡಿಗೆ ಸೇರಿರುವ ನೊವೊ ಅಲೆಕ್ಸಾಂದ್ರಿಯಾ ಊರಿನ ಕೃಷಿ ಮತ್ತು ಅರಣ್ಯ ವಿದ್ಯಾಲಯದ ಆಡಳಿತವನ್ನೂ ಆತ ಹೊತ್ತಿದ್ದನು. ಮಣ್ಣಿನ ವಿಜ್ಞಾನಕ್ಕೆಂದೇ ಒಂದು ಪೀಠ ಮೊಟ್ಟಮೊದಲು ಸ್ಥಾಪನೆಯಾದುದು ಅಲ್ಲಿ. ಅದಕ್ಕೆ ಬಂದವನು ಅಚ್ಚುಮೆಚ್ಚಿನ ಶಿಷ್ಯ ಸಿಬಿರ್ತ್ಸೆವ್. ತಾನು ಪಾಠ ಹೇಳುತ್ತಿದ್ದ ಪೀಟರ್ಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಮಾತ್ರ ಅಂತಹ ಪೀಠವನ್ನು ಕಾಣುವ ಭಾಗ್ಯ ಆತನಿಗೆ ಇರಲಿಲ್ಲ.

ಎರಡು ಮೂರು ಹೊರೆಗಳನ್ನು ಒಟ್ಟಿಗೆ ಹೊತ್ತ ಮೈ 1895ರ ಹೊತ್ತಿಗೆ ಕುಸಿಯತೊಡಗಿತು. ಜೊತೆಗೆ ಮನೆಯಲ್ಲಿ ಹೆಂಡತಿ ಅನ್ನಾ ಯೆಗೊರೊವ್ನಾ ಕ್ಯಾನ್ಸರಿನಿಂದ ನರಳುತ್ತಿದ್ದಳು. 1880ರಲ್ಲಿ ಕೈಹಿಡಿದ ಆಕೆ ಬಾಳಿನಲ್ಲಿ ಹೇಗೋ ಹಾಗೆಯೇ ಕೆಲಸದಲ್ಲಿಯೂ ಜೊತೆಗಾತಿಯಾಗಿದ್ದಳು. 1897ರಲ್ಲಿ ಆಕೆ ತೀರಿಕೊಂಡಳು. ಡೊಕುಚಾಯೆವನ ಮನಸ್ಸು ಮುರಿಯಿತು; ಆ ವರ್ಷವೇ ಅಧ್ಯಾಪಕ ವೃತ್ತಿಯನ್ನು ಬಿಟ್ಟನು. ನಡುವೆ ಸ್ವಲ್ಪ ಕಾಲ ಬೆಳಕು ಮರಳಿತು. ಆಗ ಕಾಕಸಸ್ ಬೆಟ್ಟಗಳನ್ನು ಹತ್ತಿ, ಬಯಲಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮಣ್ಣು ಬದಲಾಗುವಂತೆಯೇ ಬೆಟ್ಟದ ಬುಡದಿಂದ ತುದಿಗೂ ಬದಲಾಗುತ್ತದೆಂದು ಕಂಡುಹಿಡಿದನು. 1900ರಲ್ಲಿ ಸಿಬಿರ್ತ್ಸೆವ್ ಕ್ಷಯದಿಂದ ತೀರಿಕೊಂಡನು. ಆತನಿಗೆ ಇನ್ನೂ ನಲವತ್ತರ ಪ್ರಾಯ. ಗುರುವಿಗೆ ಇದು ಮಗನನ್ನು ಕಳೆದುಕೊಂಡಂತೆ. ಕತ್ತಲೆ ಮತ್ತೆ ಕವಿಯಿತು, ಈ ಬಾರಿ ಅದು ಸರಿಯಲಿಲ್ಲ. ಕೊನೆಯ ವರ್ಷಗಳನ್ನು ಖಿನ್ನತೆಯ ಬೇನೆಯಲ್ಲಿ ಕಳೆದು, 1903ನೆಯ ನವೆಂಬರ್ 8ರಂದು ಆತ ಪೀಟರ್ಸ್‌ಬರ್ಗಿನಲ್ಲಿ ಕಣ್ಮುಚ್ಚಿದನು. ಹೆಂಡತಿಯ ಪಕ್ಕದಲ್ಲಿಯೇ ಆತನನ್ನು ಮಣ್ಣು ಮಾಡಿದರು. ಆಗ ಐವತ್ತೇಳು ವರ್ಷ.

ಆತನ ಶಾಸ್ತ್ರವನ್ನು ಹೊರನಾಡುಗಳಿಗೆ ಮುಟ್ಟಿಸಿದವನು ಗ್ಲಿಂಕಾ ಎಂಬ ಶಿಷ್ಯ. ಅವನು ಬರೆದ ಗ್ರಂಥವನ್ನು ಜರ್ಮನ್ ಭಾಷೆಯಿಂದ ಅಮೆರಿಕೆಯ ಮಾರ್ಬಟ್ ಇಂಗ್ಲಿಷಿಗೆ ತಿರುಗಿಸಿದನು. ಕಾಮೆನ್ನಾಯ ಸ್ಟೆಪ್ಪಿಯ ಗಿಡಗಳು ಮರಗಳಾದುವು. ಅಲ್ಲಿಯ ಕೃಷಿ ಸಂಶೋಧನಾಲಯಕ್ಕೆ ಡೊಕುಚಾಯೆವನ ಹೆಸರನ್ನಿಟ್ಟರು. ಆದರೆ ಆತ ಕಂಡ ಹುಲ್ಲಿನ ಬಯಲನ್ನು ಕಾಣಬೇಕಾದರೆ ಹೋಗಬೇಕಾದುದು ಕುರ್ಸ್ಕ್ ನಗರದ ಹತ್ತಿರದ ಸ್ಟ್ರೆಲೆಟ್ಸ್ಕಿ ಸ್ಟೆಪ್ಪಿಗೆ. ಹದಿನೇಳನೆಯ ಶತಮಾನದಲ್ಲಿ ಕುರ್ಸ್ಕ್ ಕೋಟೆಯ ಕಾವಲುಭಟರಿಗೆ ಹುಲ್ಲಿಗೂ ಮೇವಿಗೂ ಎಂದು ಬಿಟ್ಟುಕೊಟ್ಟ ನೆಲವದು. ಎಲ್ಲರಿಗೂ ಸೇರಿದ ಹುಲ್ಲುಗಾವಲಾದುದರಿಂದ ಸುತ್ತಲಿನ ಬಯಲೆಲ್ಲ ನೇಗಿಲಿಗೆ ಸಿಕ್ಕರೂ ಅದು ಉಳಿದುಕೊಂಡಿತು. 1935ರಿಂದ ಅದು ಸರಕಾರದ ರಕ್ಷಿತ ನೆಲ. ರಕ್ಷಿಸಬೇಕೆಂದು ಒಂದು ಭಾಗವನ್ನು ಕೊಯ್ಯದೆಯೇ ಬಿಟ್ಟರು. ಅಲ್ಲಿ ಸತ್ತ ಹುಲ್ಲು ದಪ್ಪನಾಗಿ ಕೂತು, ಸಣ್ಣ ಸಸ್ಯಗಳು ಅಡಗಿ, ಪೊದೆಯೂ ಮರವೂ ನುಗ್ಗತೊಡಗಿದುವು. ಕೊಯ್ಯುವ ಭಾಗದಲ್ಲಿ ಮಾತ್ರ ಒಂದು ಚದರ ಮೀಟರಿನೊಳಗೆ ಎಂಬತ್ತಕ್ಕೂ ಮಿಕ್ಕಿದ ಬಗೆಯ ಸಸ್ಯಗಳನ್ನು ಎಣಿಸಿದ್ದುಂಟು. ಆದುದರಿಂದ ಅಲ್ಲಿಯ ಬಹುಭಾಗದಲ್ಲಿ ಬೇಸಗೆ ಬಂದಾಗ ಹುಲ್ಲು ಕೊಯ್ಯುತ್ತಾರೆ. ಕೆಲವು ತುಂಡುಗಳಿಗೆ ನಡುನಡುವೆ ಒಂದು ವರ್ಷ ಬಿಡುವು ಕೊಡುತ್ತಾರೆ. ಕೆಳಗೆ ಮೂರಡಿಗೂ ಹೆಚ್ಚು ಆಳದ ಕಪ್ಪು ಇದ್ದಂತೆಯೇ ಇದೆ.